ಡ್ರಿಪ್ಸ್ ಟ್ಯೂಬಿನಲ್ಲಿ ಗಾಳಿ ಗುಳ್ಳೆ: ತಟ್ಟುವುದೋ, ಎಳೆಯುವುದೋ, ಬಿಚ್ಚುವುದೋ?

ಡ್ರಿಪ್ಸ್ ಟ್ಯೂಬಿನಲ್ಲಿ ಗುಳ್ಳೆ ಕಂಡರೆ ಒಬ್ಬ ಸಿಸ್ಟರ್ ಬೆರಳಿನಿಂದ ತಟ್ಟುತ್ತಾರೆ, ಇನ್ನೊಬ್ಬರು ಟ್ಯೂಬನ್ನು ಪೆನ್ನಿಗೆ ಸುತ್ತುತ್ತಾರೆ, ಮತ್ತೊಬ್ಬರು ಸಿರಿಂಜ್ ಹಾಕಿ ಎಳೆಯುತ್ತಾರೆ. ಅವಸರದಲ್ಲಿರುವವರು ಕ್ಯಾನುಲಾದಿಂದ (ರಕ್ತನಾಳದೊಳಗೆ ಕೂರಿಸಿದ ಸಣ್ಣ ನಳಿಕೆ) ಟ್ಯೂಬನ್ನೇ ಬಿಚ್ಚಿ, ಒಂದಷ್ಟು ಸಲೈನ್ ಹರಿಯಬಿಟ್ಟು, ಮತ್ತೆ ಸಿಕ್ಕಿಸಿ ಮುಂದಿನ ಹಾಸಿಗೆಗೆ ನಡೆಯುತ್ತಾರೆ. ಇದನ್ನೆಲ್ಲ ನೋಡಿದ ನರ್ಸಿಂಗ್ ವಿದ್ಯಾರ್ಥಿಗಳು ಇವುಗಳಲ್ಲಿ ಸರಿ ಯಾವುದು ಎಂದು ಕೇಳುತ್ತಾರೆ. ಮನೆಯಲ್ಲೇ ಡ್ರಿಪ್ಸ್ ಹಾಕಿಸುವ ಕುಟುಂಬದವರಿಗೆ ಗುಳ್ಳೆ ಒಳಗೆ ಹೋದರೆ ಜೀವಕ್ಕೆ ಅಪಾಯವೇ ಎಂಬ ಭಯ. ಸಣ್ಣ ನರ್ಸಿಂಗ್ ಹೋಮ್ ನಡೆಸುವವರಿಗೆ ಗಾಳಿ ತಡೆಯುವ ಫಿಲ್ಟರ್ ಸೆಟ್ಟಿಗೆ ದುಡ್ಡು ಹಾಕಬೇಕೇ ಬೇಡವೇ ಎಂಬ ಲೆಕ್ಕ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗುಳ್ಳೆ ಎಲ್ಲಿದೆ, ರೋಗಿ ಯಾರು ಎಂಬ ಎರಡು ಸಂಗತಿ ಗೊತ್ತಾದರೆ ವಿಧಾನ ಮುಕ್ಕಾಲು ಪಾಲು ನಿರ್ಧಾರವಾದಂತೆ. ಅದನ್ನು ಬಿಟ್ಟು ಕೈಗೆ ರೂಢಿಯಾದ ಒಂದೇ ವಿಧಾನವನ್ನು ಎಲ್ಲ ಹಾಸಿಗೆಗೂ ಬಳಸುವುದೇ ತೊಂದರೆಯ ಮೂಲ.

ಗುಳ್ಳೆಯ ಅಳತೆ

ಬಾಟಲಿಯಿಂದ ಕ್ಯಾನುಲಾವರೆಗೆ ಜೋಡಿಸುವ ಸಾಧಾರಣ ಐವಿ ಸೆಟ್ಟಿನ ಟ್ಯೂಬಿನ ಒಳವ್ಯಾಸ ಸುಮಾರು 3 ಮಿಲಿಮೀಟರ್. ಹಾಗಾಗಿ ಒಂದು ಸೆಂಟಿಮೀಟರ್ ಉದ್ದದ ಗಾಳಿ ಎಂದರೆ ಬರೀ 0.07 ಮಿಲಿಲೀಟರ್. ಒಂದು ಮಿಲಿಲೀಟರ್ ಗಾಳಿ ಆಗಬೇಕಾದರೆ ಟ್ಯೂಬಿನಲ್ಲಿ 14 ಸೆಂಟಿಮೀಟರ್, ಅಂದರೆ ಅರ್ಧ ಗೇಣಿಗಿಂತ ಹೆಚ್ಚು, ಖಾಲಿ ಇರಬೇಕು. ಒಂದೂವರೆ ಮೀಟರ್ ಉದ್ದದ ಟ್ಯೂಬ್ ಪೂರ್ತಿ ಒಣಗಿದ್ದರೆ ಅದರಲ್ಲಿರುವ ಗಾಳಿ ಸುಮಾರು 10 ಮಿಲಿಲೀಟರ್.

ಇನ್ನೊಂದು ಕಡೆಯ ಲೆಕ್ಕ ಹೀಗಿದೆ. ವರದಿಯಾದ ಪ್ರಕರಣಗಳ ಆಧಾರದ ಮೇಲೆ ವಯಸ್ಕರಲ್ಲಿ ಪ್ರಾಣಕ್ಕೆ ಕುತ್ತು ತರುವ ಗಾಳಿಯ ಪ್ರಮಾಣವನ್ನು 200ರಿಂದ 300 ಮಿಲಿಲೀಟರ್, ಅಥವಾ ದೇಹತೂಕದ ಪ್ರತಿ ಕೆ.ಜಿ.ಗೆ 3ರಿಂದ 5 ಮಿಲಿಲೀಟರ್ ಎಂದು ಅಂದಾಜಿಸಲಾಗಿದೆ. ಅದೂ ವೇಗವಾಗಿ ಒಳಗೆ ಹೋದಾಗ. ಕೈಯ ರಕ್ತನಾಳದಿಂದ ಹೋದ ಸಣ್ಣ ಗುಳ್ಳೆಗಳನ್ನು ಶ್ವಾಸಕೋಶದ ಸೂಕ್ಷ್ಮನಾಳಗಳು ತಡೆದು ನಿಲ್ಲಿಸುತ್ತವೆ, ಗಾಳಿ ಅಲ್ಲೇ ಕರಗಿ ಉಸಿರಿನೊಂದಿಗೆ ಹೊರಹೋಗುತ್ತದೆ. ಸಿನಿಮಾದಲ್ಲಿ ಖಳನಾಯಕ ಖಾಲಿ ಸಿರಿಂಜ್ ಚುಚ್ಚಿದ ಕೂಡಲೇ ರೋಗಿ ಕಣ್ಣು ಮುಚ್ಚುವುದು ಸಿನಿಮಾದಲ್ಲಿ ಮಾತ್ರ.

ಹಾಗೆಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಅದೇ ಕೆ.ಜಿ. ಲೆಕ್ಕವನ್ನು 3 ಕೆ.ಜಿ. ತೂಕದ ಶಿಶುವಿಗೆ ಹಾಕಿ ನೋಡಿ: 9ರಿಂದ 15 ಮಿಲಿಲೀಟರ್. ಒಣಗಿದ ಒಂದೇ ಒಂದು ಸೆಟ್ಟಿನ ಗಾಳಿ ಅಲ್ಲಿಗೆ ಮುಟ್ಟುತ್ತದೆ. ಇನ್ನು ವಯಸ್ಕರಲ್ಲೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಸಣ್ಣ ಕಿಂಡಿ ಹುಟ್ಟಿದ ಮೇಲೂ ಪೂರ್ತಿ ಮುಚ್ಚಿರುವುದಿಲ್ಲ. ಬಹುತೇಕರಿಗೆ ಇದು ಜೀವಮಾನವಿಡೀ ಗೊತ್ತೇ ಆಗುವುದಿಲ್ಲ. ಆದರೆ ಗಾಳಿ ಆ ಕಿಂಡಿಯಿಂದ ಎಡಕ್ಕೆ ದಾಟಿದರೆ ಶ್ವಾಸಕೋಶದ ಕಾವಲು ತಪ್ಪಿ ನೇರ ಮಿದುಳಿನ ಕಡೆಗೆ ಹೋಗಬಹುದು. ಆಗ ಮಿಲಿಲೀಟರಿನ ಲೆಕ್ಕ ಉಪಯೋಗಕ್ಕೆ ಬಾರದು.

ಯಾವುದರ ಮೇಲೆ ತೂಗಬೇಕು

ಮೊದಲು ರೋಗಿಯನ್ನು ನೋಡಬೇಕು. ನವಜಾತ ಶಿಶು, ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಗು, ಕುತ್ತಿಗೆಯ ಅಥವಾ ಎದೆಯ ದೊಡ್ಡ ನಾಳಕ್ಕೆ ಸೆಂಟ್ರಲ್ ಲೈನ್ ಹಾಕಿಸಿಕೊಂಡವರು ಒಂದು ಗುಂಪು. ಕೈಗೆ ಕ್ಯಾನುಲಾ ಹಾಕಿಸಿಕೊಂಡು ಜ್ವರಕ್ಕೋ ಭೇದಿಗೋ ಸಲೈನ್ ಏರಿಸಿಕೊಳ್ಳುತ್ತಿರುವ ವಯಸ್ಕರು ಬೇರೆ ಗುಂಪು. ಎರಡನೆಯದು ಗುಳ್ಳೆ ಇರುವ ಜಾಗ: ಬಾಟಲಿಯ ಕೆಳಗೆ ಹನಿ ಬೀಳುವ ಚೇಂಬರಿನ ಹತ್ತಿರವೋ, ನಡುವೆಯೋ, ಕೈಯ ಪಕ್ಕದಲ್ಲೋ. ಅದರ ಜೊತೆಗೆ ಆಕಾರವನ್ನೂ ಗಮನಿಸಿ. ಗೋಡೆಗೆ ಅಂಟಿದ ಸಾಸಿವೆಯಷ್ಟು ಗುಳ್ಳೆಗೂ, ಟ್ಯೂಬಿನ ಅಡ್ಡಗಲ ಪೂರ್ತಿ ತುಂಬಿ ನಿಂತ ಗಾಳಿಗೂ ಮದ್ದು ಬೇರೆ. ಮೂರನೆಯದು, ಲೈನ್ ಮುಚ್ಚಿದಂತೆಯೇ ಇರುತ್ತದೆಯೋ ಅಥವಾ ತೆರೆಯಬೇಕಾಗುತ್ತದೆಯೋ. ತೆರೆದ ಪ್ರತಿ ಸಲವೂ ಸೋಂಕಿಗೆ ದಾರಿ, ಜೊತೆಗೆ ಹೊಸ ಗಾಳಿಗೂ ದಾರಿ. ನಾಲ್ಕನೆಯದು, ಈ ಡ್ರಿಪ್ಸ್ ಅರೆನಿಮಿಷ ನಿಂತರೆ ನಡೆಯುತ್ತದೆಯೇ. ಸಲೈನ್ ನಿಂತರೆ ಏನೂ ಆಗುವುದಿಲ್ಲ, ಬಿ.ಪಿ. ಹಿಡಿದಿಡುವ ನಾರ್‌ಅಡ್ರಿನಲಿನ್ ನಿಂತರೆ ಮಾನಿಟರ್ ಕೂಗಲು ಶುರು ಮಾಡುತ್ತದೆ. ಖರ್ಚನ್ನು ಇವೆಲ್ಲದರ ನಂತರ ನೋಡಬೇಕು, ಆದರೆ ನೋಡಲೇಬೇಕು.

ಗುಳ್ಳೆಯೇ ಆಗದಂತೆ ಸೆಟ್ ತುಂಬುವುದು

ಇದಕ್ಕೆ ಖರ್ಚಿಲ್ಲ, ಎರಡು ನಿಮಿಷದ ತಾಳ್ಮೆ ಬೇಕು ಅಷ್ಟೆ. ಆಮೇಲೆ ತಟ್ಟುವ, ಎಳೆಯುವ ಕೆಲಸದ ಬಹುಪಾಲು ಇಲ್ಲಿ ತೋರಿದ ಅವಸರದ ಬಡ್ಡಿ.

ಸೆಟ್ಟನ್ನು ಬಾಟಲಿಗೆ ಚುಚ್ಚುವ ಮೊದಲೇ ರೆಗ್ಯುಲೇಟರ್ (ಹರಿವನ್ನು ಹೆಚ್ಚುಕಡಿಮೆ ಮಾಡುವ ಚಕ್ರ) ಮುಚ್ಚಿರಬೇಕು. ಹೊಸ ಸೆಟ್ಟುಗಳು ಸಾಮಾನ್ಯವಾಗಿ ರೆಗ್ಯುಲೇಟರ್ ತೆರೆದ ಸ್ಥಿತಿಯಲ್ಲೇ ಪೊಟ್ಟಣದಿಂದ ಹೊರಬರುತ್ತವೆ. ಹಾಗೆಯೇ ಚುಚ್ಚಿದರೆ ಚೇಂಬರ್ ತುಂಬುವ ಮುನ್ನವೇ ದ್ರವ ಕೆಳಗೆ ಧುಮುಕಿ, ಗಾಳಿಯನ್ನು ತುಂಡುತುಂಡಾಗಿ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಚೇಂಬರನ್ನು ಹಿಸುಕಿ ಅರ್ಧದವರೆಗೆ ತುಂಬಿಸಿ, ಆಮೇಲೆ ರೆಗ್ಯುಲೇಟರನ್ನು ನಿಧಾನವಾಗಿ ತೆರೆಯಿರಿ. ದ್ರವ ಇಂಜೆಕ್ಷನ್ ಪೋರ್ಟಿಗೆ (ಔಷಧಿ ಕೊಡಲು ಟ್ಯೂಬಿನಲ್ಲಿರುವ ಬಾಯಿ) ಬಂದಾಗ ಪೋರ್ಟನ್ನು ತಲೆಕೆಳಗಾಗಿ ಹಿಡಿದು ಎರಡು ಸಲ ತಟ್ಟಿ. ಕೆಳತುದಿಯಲ್ಲಿ ರಬ್ಬರ್ ಬಲ್ಬ್ ಇರುವ ಸೆಟ್ಟಾದರೆ ಅದಕ್ಕೂ ಹಾಗೆಯೇ ಮಾಡಿ. ಈ ಎರಡು ಮೂಲೆಗಳಲ್ಲಿ ಅಡಗಿದ ಗಾಳಿಯೇ ಅರ್ಧ ಗಂಟೆಯ ನಂತರ ಎಲ್ಲಿಂದಲೋ ಬಂತು ಎಂಬಂತೆ ಕಾಣಿಸಿಕೊಳ್ಳುತ್ತದೆ.

ತುಂಬಿಸುವಾಗ ಒಂದೂ ಗುಳ್ಳೆ ಇರದ ಟ್ಯೂಬಿನಲ್ಲಿ ಆಮೇಲೆ ಮುತ್ತು ಪೋಣಿಸಿದಂತೆ ಗುಳ್ಳೆ ಮೂಡುವುದೂ ಉಂಟು. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ನೇರವಾಗಿ ನೇತುಹಾಕಿದ್ದರೆ ಇದು ಖಚಿತ. ತಣ್ಣನೆಯ ದ್ರವದಲ್ಲಿ ಹೆಚ್ಚು ಗಾಳಿ ಕರಗಿರುತ್ತದೆ, ಬೆಚ್ಚಗಾದಂತೆ ಅದು ಹೊರಬರುತ್ತದೆ. ಫ್ರಿಜ್ಜಿನಲ್ಲಿ ಇಡಲೇಬೇಕಾದ ಔಷಧಿಯನ್ನು ಎಷ್ಟು ಹೊತ್ತು ಹೊರಗಿಡಬಹುದು ಎಂದು ಫಾರ್ಮಸಿಯವರನ್ನು ಕೇಳಿ ಕೋಣೆಯ ಬಿಸಿಗೆ ತರುವುದು ಇದಕ್ಕೆ ದಾರಿ.

ನಮ್ಮಲ್ಲಿ ಹೆಚ್ಚಾಗಿ ಸಿಗುವ ಅರೆಗಟ್ಟಿ ಪ್ಲಾಸ್ಟಿಕ್ ಬಾಟಲಿಯ ಬಗ್ಗೆ ಒಂದು ಮಾತು. ಅದರಿಂದ ದ್ರವ ಸರಾಗವಾಗಿ ಇಳಿಯಬೇಕಾದರೆ ಒಳಗೆ ಗಾಳಿ ಹೋಗಬೇಕು. ಏರ್ ವೆಂಟ್ (ಗಾಳಿಕಿಂಡಿ) ಇರುವ ಸೆಟ್ ಇದ್ದರೆ ಆ ಕೆಲಸ ಫಿಲ್ಟರ್ ಮೂಲಕ ಶುದ್ಧವಾಗಿ ಆಗುತ್ತದೆ. ಅದನ್ನು ಬಿಟ್ಟು ಬಾಟಲಿಯ ತಲೆಗೆ ಸೂಜಿ ಚುಚ್ಚಿಬಿಡುವ ಅಭ್ಯಾಸ ಇನ್ನೂ ಹೋಗಿಲ್ಲ. ವಾರ್ಡಿನ ಧೂಳನ್ನು ಸಲೈನಿಗೆ ಬೆರೆಸಲು ಅದಕ್ಕಿಂತ ಸುಲಭದ ಉಪಾಯ ನನಗಂತೂ ತಿಳಿದಿಲ್ಲ. ತಾನಾಗಿ ಮುದುಡುವ ಮೆದು ಬ್ಯಾಗಿಗೆ ವೆಂಟ್ ಬೇಕಿಲ್ಲ.

ತಟ್ಟುವುದು, ಸುತ್ತುವುದು

ಖರ್ಚಿಲ್ಲ, ಲೈನ್ ಮುಚ್ಚಿಯೇ ಇರುತ್ತದೆ, ಯಾವ ಸಲಕರಣೆಯೂ ಬೇಡ. ಸಣ್ಣ ಗುಳ್ಳೆಗಳಿಗೆ ಇದೇ ಮೊದಲ ಆಯ್ಕೆ. ಗುಳ್ಳೆಯ ಕೆಳಗೆ ಟ್ಯೂಬನ್ನು ಮಡಚಿ ಹಿಡಿದು, ಮೇಲ್ಭಾಗವನ್ನು ನೇರವಾಗಿ, ಬಿಗಿಯಾಗಿ ಎಳೆದು ಹಿಡಿದು ಬೆರಳಿನಿಂದ ಚಿಮ್ಮಿದರೆ ಗೋಡೆ ಬಿಟ್ಟ ಗುಳ್ಳೆ ಮೇಲೇರಿ ಚೇಂಬರ್ ಸೇರುತ್ತದೆ. ಅನೇಕರು ಮಾಡುವ ಯಡವಟ್ಟು ಎಂದರೆ ರೆಗ್ಯುಲೇಟರ್ ಮುಚ್ಚಿ ತಟ್ಟುವುದು. ಗುಳ್ಳೆ ರೆಗ್ಯುಲೇಟರಿಗಿಂತ ಕೆಳಗಿದ್ದರೆ ಅದರ ಚಕ್ರದ ಕೆಳಗೆ ಬಂದು ಅಲ್ಲೇ ನಿಲ್ಲುತ್ತದೆ, ತೆರೆದ ಕೂಡಲೇ ಮತ್ತೆ ಕೆಳಗಿಳಿಯುತ್ತದೆ. ಕೆಳಗೆ ಮಡಚಬೇಕು, ಮೇಲೆ ತೆರೆದಿರಬೇಕು.

ಟ್ಯೂಬಿನ ಅಗಲ ಪೂರ್ತಿ ತುಂಬಿದ ಗಾಳಿಯನ್ನು ಮಾತ್ರ ಎಷ್ಟು ತಟ್ಟಿದರೂ ಪ್ರಯೋಜನವಿಲ್ಲ. ಇದು ಕೈಚಳಕದ ಕೊರತೆಯಲ್ಲ, ಭೌತಶಾಸ್ತ್ರ. ಲಂಬವಾಗಿ ನಿಲ್ಲಿಸಿದ ಕಿರಿದಾದ ನಳಿಕೆಯಲ್ಲಿ ಉದ್ದನೆಯ ಗುಳ್ಳೆ ತಾನಾಗಿ ಮೇಲೇರುವುದೇ ಇಲ್ಲ ಎಂಬುದನ್ನು 1961ರಲ್ಲಿ ಬ್ರೆದರ್ಟನ್ ಎಂಬ ವಿಜ್ಞಾನಿ ಲೆಕ್ಕ ಹಾಕಿ ತೋರಿಸಿದರು. ನೀರಿಗೆ ಆ ಮಿತಿ ಸುಮಾರು 5 ಮಿಲಿಮೀಟರ್ ವ್ಯಾಸ. ನಮ್ಮ ಟ್ಯೂಬ್ 3 ಮಿಲಿಮೀಟರ್. ನೀರಿನ ಮೇಲ್ಮೈ ಸೆಳೆತವೇ ಗಾಳಿಯನ್ನು ಕಚ್ಚಿ ಹಿಡಿದಿರುತ್ತದೆ.

ಅಂಥದ್ದಕ್ಕೆ ಸುತ್ತುವ ಉಪಾಯವಿದೆ. ಗುಳ್ಳೆಯ ಕೆಳಗಿನಿಂದ ಶುರು ಮಾಡಿ, ಟ್ಯೂಬನ್ನು ಪೆನ್ನಿಗೋ ಹೊಸ ಸಿರಿಂಜಿನ ಮೈಗೋ ಬಿಗಿಯಾಗಿ ಸುತ್ತುತ್ತಾ ಮೇಲಕ್ಕೆ ಹೋದರೆ ಗಾಳಿ ಹಿಂಡಿದಂತಾಗಿ ಚೇಂಬರಿನತ್ತ ಸರಿಯುತ್ತದೆ. ಗುಳ್ಳೆ ಟ್ಯೂಬಿನ ಮೇಲರ್ಧದಲ್ಲಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕೈಯ ಹತ್ತಿರ ಇದ್ದರೆ ಕ್ಯಾನುಲಾ ಜಗ್ಗಿ ರೋಗಿಗೆ ನೋವಾಗುತ್ತದೆ, ಸುತ್ತಲು ಉದ್ದವೂ ಸಾಲುವುದಿಲ್ಲ. ದ್ರವವನ್ನು ಅಳತೆಯಲ್ಲಿ ತಳ್ಳುವ ಪಂಪಿನೊಳಗೆ ಕೂರಿಸಿದ ಟ್ಯೂಬಿಗೂ ಇದು ಹೊಂದುವುದಿಲ್ಲ. ರಕ್ತ ಏರಿಸುವ ಸೆಟ್ಟಿನಲ್ಲಿ ಗುಳ್ಳೆ ಕಾಣುವುದೇ ಕಷ್ಟವಾದ್ದರಿಂದ ಅಲ್ಲಿ ಮೊದಲೇ ಸಲೈನಿನಿಂದ ತುಂಬಿಸಿ, ಚೇಂಬರಿನ ಒಳಗಿನ ಜಾಲರಿ ಪೂರ್ತಿ ಮುಳುಗುವಂತೆ ನೋಡಿಕೊಳ್ಳುವುದೇ ಮೇಲು.

ಪೋರ್ಟಿನಿಂದ ಸಿರಿಂಜಿನಲ್ಲಿ ಎಳೆಯುವುದು

ಒಂದೇ ವಿಧಾನ ಕಲಿಸಲು ಸಮಯವಿದೆ ಎಂದರೆ ನಾನು ಇದನ್ನು ಕಲಿಸುತ್ತೇನೆ. ದೊಡ್ಡ ಗುಳ್ಳೆಗೂ ಆಗುತ್ತದೆ, ಲೈನ್ ಬಿಚ್ಚಬೇಕಿಲ್ಲ, ಖರ್ಚು ಒಂದು 10 ಮಿಲಿಲೀಟರ್ ಸಿರಿಂಜು ಮತ್ತು ಒಂದು ಸ್ಪಿರಿಟ್ ಸ್ವಾಬ್. ರೋಗಿಗೆ ಹತ್ತಿರದ ಪೋರ್ಟನ್ನು ಆರಿಸಿ ಚೆನ್ನಾಗಿ ಉಜ್ಜಿ ಒಣಗಲು ಬಿಡಬೇಕು. ಒದ್ದೆ ಇರುವಾಗಲೇ ಚುಚ್ಚಿದರೆ ಉಜ್ಜಿದ್ದೂ ವ್ಯರ್ಥ. ಪೋರ್ಟಿನಿಂದ ಕೈಯ ಕಡೆಗೆ ಇರುವ ಟ್ಯೂಬನ್ನು ಮಡಚಿ ಹಿಡಿದು ಸಿರಿಂಜಿನ ದಂಡ ಎಳೆದರೆ, ಬಾಟಲಿಯ ಕಡೆಯಿಂದ ದ್ರವ ಬರುತ್ತಾ ಗಾಳಿಯನ್ನೂ ಹೊತ್ತು ತರುತ್ತದೆ. ಕೆಳಗೆ ಮಡಚುವುದನ್ನು ಮರೆತರೆ ರೋಗಿಯ ರಕ್ತವೇ ಸಿರಿಂಜಿಗೆ ಬರುತ್ತದೆ.

ಇದರ ತೊಡಕು ಎರಡು. ಪೋರ್ಟಿಗಿಂತ ಕೆಳಗೆ ಇಳಿದುಬಿಟ್ಟ ಗುಳ್ಳೆ ಇದಕ್ಕೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹಾಗೂ ಸೂಜಿಯಿಂದ ಚುಚ್ಚುವ ಹಳೆಯ ರಬ್ಬರ್ ಪೋರ್ಟಾದರೆ ಸೂಜಿ ಓರೆಯಾಗಿ ಟ್ಯೂಬಿನ ಆಚೆ ಬದಿಗೆ, ಅಲ್ಲಿಂದ ನಿಮ್ಮ ಬೆರಳಿಗೆ ಹೊಕ್ಕುವ ಸಾಧ್ಯತೆ ಇದೆ. ಸೂಜಿ ಬೇಡದ ಪೋರ್ಟ್ ಇರುವ ಸೆಟ್ಟಿಗೆ ಸ್ವಲ್ಪ ಹೆಚ್ಚು ಕೊಡುವುದು ಈ ಕಾರಣಕ್ಕೇ ಸಾರ್ಥಕ.

ತ್ರೀ ವೇ (ಮೂರು ಬಾಯಿಯ, ತಿರುಗಿಸುವ ಕೀಲಿನ ಜೋಡಣೆ) ಹಾಕಿದ್ದರೆ ಇದೇ ಕೆಲಸ ಇನ್ನೂ ಸಲೀಸು: ರೋಗಿಯ ಕಡೆ ಮುಚ್ಚಿ, ಪಕ್ಕದ ಬಾಯಿಗೆ ಸಿರಿಂಜ್ ಹಾಕಿ ಎಳೆದು, ಮತ್ತೆ ತಿರುಗಿಸಿದರೆ ಮುಗಿಯಿತು. ಹಾಗಾದರೆ ಎಲ್ಲರಿಗೂ ತ್ರೀ ವೇ ಹಾಕೋಣವೇ? ಬೇಡ. ದಿನಕ್ಕೆ ನಾಲ್ಕಾರು ಇಂಜೆಕ್ಷನ್ ಇರುವವರಿಗೆ ಸರಿ, ಒಂದೆರಡು ಬಾಟಲಿ ಸಲೈನಿಗೆ ಬಂದವರಿಗೆ ಅದು ಅನಗತ್ಯವಾಗಿ ತೆರೆದ ಇನ್ನೊಂದು ಬಾಗಿಲು. ಮುಚ್ಚಳ ಕಳೆದುಹೋದ ತ್ರೀ ವೇ ಹಾಸಿಗೆಯ ಮೇಲೆ ಬಿದ್ದಿರುವ ದೃಶ್ಯ ವಾರ್ಡಿನವರಿಗೆ ಹೊಸದಲ್ಲ. ಹಾಕಿದರೆ ಅದರ ಮೂರೂ ಬಾಯಿಗಳನ್ನು ಮೊದಲೇ ದ್ರವದಿಂದ ತುಂಬಿಸಬೇಕು. ಇಲ್ಲದಿದ್ದರೆ ಗುಳ್ಳೆ ತೆಗೆಯಲು ತಂದ ಸಾಧನವೇ ಗುಳ್ಳೆ ಕೊಡುತ್ತದೆ.

ಬಿಚ್ಚಿ ಹರಿಯಬಿಡುವುದು

ವೇಗದಲ್ಲಿ ಇದನ್ನು ಮೀರಿಸುವ ವಿಧಾನವಿಲ್ಲ, ಹಾಗಾಗಿಯೇ ಇದು ಇಷ್ಟು ಜನಪ್ರಿಯ. ಆದರೆ ಲೈನ್ ತೆರೆಯುವ ಏಕೈಕ ವಿಧಾನವೂ ಇದೇ. ಬಿಚ್ಚಿದ ತುದಿ ಹಾಸಿಗೆಗೋ ಕೈಗೋ ತಾಗುತ್ತದೆ, ಕ್ಯಾನುಲಾದಿಂದ ರಕ್ತ ಸುರಿಯುತ್ತದೆ, ಮತ್ತೆ ಜೋಡಿಸುವಾಗ ಹೊಸ ಗುಳ್ಳೆ ಸೇರುತ್ತದೆ. ಒಂದು ಸೆಂಟಿಮೀಟರ್ ಗುಳ್ಳೆಗಾಗಿ ಇಷ್ಟೆಲ್ಲ ಮಾಡುವುದು ನಷ್ಟದ ವ್ಯಾಪಾರ.

ಎರಡೇ ಸಂದರ್ಭದಲ್ಲಿ ಇದು ಸರಿ. ಒಂದು, ಪೋರ್ಟಿನ ಕೆಳಗೆ ಉದ್ದನೆಯ ಗಾಳಿ ಸಿಕ್ಕಿಕೊಂಡು ಬೇರೆ ದಾರಿಯೇ ಇಲ್ಲದಿದ್ದಾಗ. ಇನ್ನೊಂದು, ಬಾಟಲಿ ಮುಗಿದು ಟ್ಯೂಬ್ ಒಣಗಿ ನಿಂತಾಗ.

ಈ ಎರಡನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ರೋಗಿಯ ಕಡೆಯವರು ಅತಿ ಹೆಚ್ಚು ಹೆದರುವುದು ಇಲ್ಲಿಯೇ. ಬಾಟಲಿ ಖಾಲಿಯಾದ ಕೂಡಲೇ ಗಾಳಿ ದೇಹಕ್ಕೆ ನುಗ್ಗುವುದಿಲ್ಲ. ಸ್ಟ್ಯಾಂಡಿಗೆ ನೇತುಹಾಕಿದ ಸಾದಾ ಡ್ರಿಪ್ಸಿನಲ್ಲಿ ದ್ರವದ ಮಟ್ಟ ಇಳಿಯುತ್ತಾ ಬಂದು, ಕೈಯ ರಕ್ತನಾಳದ ಒತ್ತಡಕ್ಕೆ ಸಮನಾದ ಎತ್ತರದಲ್ಲಿ ತಾನೇ ನಿಂತುಬಿಡುತ್ತದೆ. ಹಲವು ಸಲ ರಕ್ತವೇ ಸ್ವಲ್ಪ ಹಿಂದಕ್ಕೆ ಬರುತ್ತದೆ. ನಿಜವಾದ ಅಪಾಯ ಅದರ ನಂತರದ್ದು. ಅದೇ ಒಣ ಸೆಟ್ಟಿಗೆ ಹೊಸ ಬಾಟಲಿ ನೇತುಹಾಕಿ ರೆಗ್ಯುಲೇಟರ್ ತೆರೆದರೆ, ಟ್ಯೂಬಿನಲ್ಲಿ ನಿಂತಿದ್ದ ಗಾಳಿಯನ್ನೆಲ್ಲ ಹೊಸ ದ್ರವ ಕೆಳಗೆ ತಳ್ಳುತ್ತದೆ. ಹಾಗಾಗಿ ಹೊಸ ಬಾಟಲಿಗೆ ಮೊದಲು ಮಟ್ಟ ಎಲ್ಲಿದೆ ನೋಡಿ. ಪೋರ್ಟಿಗಿಂತ ಮೇಲಿದ್ದರೆ ಸಿರಿಂಜಿನಲ್ಲಿ ಎಳೆಯಿರಿ. ಕೆಳಗಿದ್ದರೆ ಕ್ಯಾನುಲಾದ ತುದಿಯ ಮೇಲ್ಭಾಗದಲ್ಲಿ ರಕ್ತನಾಳವನ್ನು ಬೆರಳಿನಿಂದ ಒತ್ತಿ ಹಿಡಿದು ಬಿಚ್ಚಿ, ಕಿಡ್ನಿ ಟ್ರೇಗೆ ಹರಿಸಿ ತುಂಬಿಸಿ ಜೋಡಿಸಿ. ತುದಿ ಎಲ್ಲಾದರೂ ತಾಗಿತು ಎಂಬ ಸಣ್ಣ ಅನುಮಾನ ಬಂದರೂ ಸೆಟ್ ಬದಲಿಸಿ. ಕ್ಯಾನುಲಾದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಬಲವಂತವಾಗಿ ಸಲೈನ್ ತಳ್ಳಿ ಫ್ಲಶ್ ಮಾಡಬೇಡಿ.

ಬಾಟಲಿಯನ್ನು ಒತ್ತಡದಿಂದ ಏರಿಸುತ್ತಿದ್ದರೆ ಮೇಲಿನ ಸಮಾಧಾನ ಅನ್ವಯಿಸುವುದಿಲ್ಲ. ಪ್ರೆಷರ್ ಬ್ಯಾಗ್ ಸುತ್ತುವ ಮೊದಲು ಮೆದು ಬ್ಯಾಗಿನೊಳಗೆ ಇರುವ ಗಾಳಿಯನ್ನು ಹೊರಹಾಕಿರಲೇಬೇಕು. ದ್ರವ ಮುಗಿದ ಮರುಕ್ಷಣ ಆ ಗಾಳಿ ದ್ರವದಷ್ಟೇ ಜೋರಾಗಿ ಕೆಳಗಿಳಿಯುತ್ತದೆ.

ಸೆಂಟ್ರಲ್ ಲೈನಿನಲ್ಲಿ ಬಿಚ್ಚುವುದು ಬೇರೆಯದೇ ಕಥೆ. ಎದೆಯೊಳಗಿನ ನಾಳದ ಒತ್ತಡ ಉಸಿರೆಳೆದಾಗ ಹೊರಗಿನ ಗಾಳಿಗಿಂತ ಕಡಿಮೆಯಾಗುತ್ತದೆ. 14 ಗೇಜಿನ ತೆರೆದ ಕ್ಯಾತಿಟರ್ (ದಪ್ಪನೆಯ ನಳಿಕೆ) ಮೂಲಕ, ಬರೀ 5 ಸೆಂಟಿಮೀಟರ್ ನೀರಿನಷ್ಟು ಒತ್ತಡ ವ್ಯತ್ಯಾಸವಿದ್ದರೂ ಸೆಕೆಂಡಿಗೆ ಸುಮಾರು 100 ಮಿಲಿಲೀಟರ್ ಗಾಳಿ ನುಗ್ಗಬಲ್ಲದು. ಹಿಂದೆ ಹೇಳಿದ 200–300ರ ಲೆಕ್ಕಕ್ಕೆ ಹೋಲಿಸಿ ನೋಡಿ. ಅಲ್ಲಿ ಕ್ಲಾಂಪ್ ಹಾಕದೆ, ರೋಗಿಯ ತಲೆ ತಗ್ಗಿಸಿ ಮಲಗಿಸದೆ ಯಾವ ಜೋಡಣೆಯನ್ನೂ ಬಿಚ್ಚುವಂತಿಲ್ಲ. ಗುಳ್ಳೆ ತೆಗೆಯಲು ಪೋರ್ಟ್ ಅಥವಾ ತ್ರೀ ವೇ ಮಾತ್ರ.

ಪಂಪ್ ಮತ್ತು ಫಿಲ್ಟರ್

ಇನ್‌ಫ್ಯೂಷನ್ ಪಂಪ್ ಗುಳ್ಳೆಯನ್ನು ಪತ್ತೆ ಮಾಡುತ್ತದೆ, ತೆಗೆಯುವುದಿಲ್ಲ. ಅಲ್ಟ್ರಾಸೌಂಡ್ ಸಂವೇದಕ ತನ್ನ ಮುಂದೆ ಹಾದುಹೋಗುವ ಗಾಳಿಯನ್ನು ಗುರುತಿಸಿ ಪಂಪನ್ನು ನಿಲ್ಲಿಸುತ್ತದೆ. ಸಂವೇದಕದ ಕೆಳಗಿರುವ ಪೋರ್ಟಿನಿಂದ ಸೇರಿದ ಗಾಳಿ ಅದಕ್ಕೆ ಕಾಣುವುದೇ ಇಲ್ಲ. ಅಲಾರಂ ಒತ್ತಿ ಸುಮ್ಮನಾಗಿಸಿ ಮತ್ತೆ ಶುರು ಮಾಡುವುದು ಗುಳ್ಳೆಯನ್ನು ಸಂವೇದಕದಾಚೆಗೆ ದಾಟಿಸುವ ವಿಧಾನವೇ ಹೊರತು ಪರಿಹಾರವಲ್ಲ. ಸಿರಿಂಜ್ ಪಂಪಿನಲ್ಲಿ ಬಿ.ಪಿ. ಔಷಧಿ ಓಡುತ್ತಿದ್ದರೆ ಮತ್ತೂ ಎಚ್ಚರ ಬೇಕು. ರೋಗಿಗೆ ಜೋಡಿಸಿರುವಾಗ ಬೋಲಸ್ ಗುಂಡಿ ಒತ್ತಿ ಗುಳ್ಳೆ ತಳ್ಳಬಾರದು. ಗುಳ್ಳೆಯ ಜೊತೆ ಔಷಧಿಯೂ ಒಮ್ಮೆಲೇ ಒಳಗೆ ಹೋಗುತ್ತದೆ. ಇಲ್ಲಿ ಇನ್ನೊಂದು ಸಿರಿಂಜು, ಇನ್ನೊಂದು ಲೈನ್ ಮೊದಲೇ ತುಂಬಿಸಿಟ್ಟು ಬದಲಾಯಿಸುವುದೇ ಕಡಿಮೆ ಅಪಾಯದ ದಾರಿ.

ಗಾಳಿಯನ್ನು ತಾನಾಗಿ ಹೊರಹಾಕುವುದು ಫಿಲ್ಟರ್ ಒಂದೇ. 0.2 ಮೈಕ್ರಾನಿನ ಫಿಲ್ಟರಿನಲ್ಲಿ ನೀರನ್ನು ಬಿಡುವ ಪೊರೆಯೂ, ಗಾಳಿಯನ್ನಷ್ಟೇ ಹೊರಬಿಡುವ ಇನ್ನೊಂದು ಪೊರೆಯೂ ಇರುತ್ತದೆ. ಬ್ಯಾಕ್ಟೀರಿಯಾಗಳೂ ಅಲ್ಲೇ ಸೋಸಿಹೋಗುತ್ತವೆ. ರೋಗಿಗೆ ಆದಷ್ಟು ಹತ್ತಿರ ಜೋಡಿಸಬೇಕು, ಏಕೆಂದರೆ ಅದರ ಕೆಳಗೆ ಸೇರಿದ ಗಾಳಿಗೆ ಅದು ಕಾವಲಲ್ಲ. ಆದರೆ ರಕ್ತಕ್ಕೆ, ಅರಿವಳಿಕೆ ಔಷಧಿ ಪ್ರೊಪೊಫಾಲಿನಂಥ ಬಿಳಿ ಎಮಲ್ಷನ್‌ಗಳಿಗೆ ಇದು ಆಗದು. ಕೊಬ್ಬು ಬೆರೆತ ಪೋಷಕ ದ್ರಾವಣಕ್ಕೆ 1.2 ಮೈಕ್ರಾನಿನದು ಬೇಕು. ಭೇದಿಯಿಂದ ಬಳಲಿದವರಿಗೆ ಬಾಟಲಿ ಮೇಲೆ ಬಾಟಲಿ ವೇಗವಾಗಿ ಏರಿಸಬೇಕಾದಾಗ ಹರಿವನ್ನು ನಿಧಾನ ಮಾಡಿ ಅಡ್ಡಿಯಾಗುತ್ತದೆ.

ಯಾರಿಗೆ ಯಾವುದು

ಬೆಲೆ ಊರಿನಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ಬದಲಾದರೂ ಏಣಿಯ ಕ್ರಮ ಬದಲಾಗದು: ಸಿರಿಂಜ್ ಅತಿ ಅಗ್ಗ, ಆಮೇಲೆ ತ್ರೀ ವೇ ಮತ್ತು ಸಾದಾ ಸೆಟ್, ಅದಕ್ಕೂ ಮೇಲೆ ಫಿಲ್ಟರ್ ಸೆಟ್, ತುದಿಯಲ್ಲಿ ಪಂಪ್. ತಾಲ್ಲೂಕು ಮಟ್ಟದ ಸಾಧಾರಣ ವಾರ್ಡಿಗೆ ನನ್ನ ಸಲಹೆ ಏರ್ ವೆಂಟ್ ಮತ್ತು ಸೂಜಿ ಬೇಡದ ಪೋರ್ಟ್ ಇರುವ ಸೆಟ್, ಜೊತೆಗೆ ಸಿರಿಂಜಿನಿಂದ ಎಳೆಯುವ ತರಬೇತಿ. ಎಲ್ಲರಿಗೂ ಫಿಲ್ಟರ್ ಕೊಳ್ಳುವುದು ದುಡ್ಡು ಪೋಲು. ಅದೇ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ಘಟಕವಿದ್ದರೆ, ಹೃದಯದಲ್ಲಿ ರಂಧ್ರವಿರುವ ಮಕ್ಕಳು ಬರುತ್ತಿದ್ದರೆ, ಅಲ್ಲಿಗೆ ಮಾತ್ರ ಫಿಲ್ಟರ್ ತರಿಸಿಡಿ. ಅಲ್ಲಿ ಅದರ ಬೆಲೆಯ ಬಗ್ಗೆ ಚೌಕಾಸಿ ಬೇಡ. ಪಂಪ್ ಕೊಳ್ಳುವವರು ಅದಕ್ಕೆ ಹೊಂದುವ ಸೆಟ್ಟಿನ ಬೆಲೆಯನ್ನೂ ಮೊದಲೇ ಕೇಳಬೇಕು. ಹೊಂದದ ಅಗ್ಗದ ಸೆಟ್ ತುರುಕಿದರೆ ಇಲ್ಲದ ಗಾಳಿಗೂ ಅಲಾರಂ ಹೊಡೆದು, ಕೊನೆಗೆ ಯಾರೂ ಅದರ ಕಡೆ ತಿರುಗಿ ನೋಡದಂತಾಗುತ್ತದೆ.

ಮನೆಯಲ್ಲಿ ಡ್ರಿಪ್ಸ್ ಹಾಕಿಸಿಕೊಳ್ಳುವವರಿಗೆ ಮೆದು ಬ್ಯಾಗ್ ಮತ್ತು ಸಾದಾ ಸೆಟ್ ಸಾಕು. ಪಕ್ಕದಲ್ಲಿ ಕುಳಿತವರು ಮಾಡಬೇಕಾದ್ದು ಮೂರೇ ಕೆಲಸ: ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತದಂತೆ ನೋಡಿಕೊಳ್ಳುವುದು, ಬಾಟಲಿ ಮುಗಿಯುವ ಮುನ್ನ ರೆಗ್ಯುಲೇಟರ್ ಮುಚ್ಚುವುದು, ಬೆರಳುದ್ದದ ಗಾಳಿ ಕಂಡರೆ ಮುಚ್ಚಿ ಸಿಸ್ಟರನ್ನು ಕರೆಯುವುದು. ಬಿಚ್ಚುವುದು, ಎಳೆಯುವುದು ನಿಮ್ಮ ಕೆಲಸವಲ್ಲ. ಸಾಸಿವೆಯಷ್ಟು ಗುಳ್ಳೆ ಒಂದೆರಡು ಹೋಯಿತೆಂದು ನಿದ್ದೆಗೆಡಬೇಡಿ. ಆದರೆ ಡ್ರಿಪ್ಸ್ ಓಡುತ್ತಿರುವಾಗಲೇ ಹಠಾತ್ ಉಸಿರುಗಟ್ಟುವುದು, ಕೆಮ್ಮು, ಎದೆನೋವು, ಪ್ರಜ್ಞೆ ಮಂಕಾಗುವುದು ಕಂಡರೆ ಕಾರಣ ಹುಡುಕುತ್ತಾ ಕೂರದೆ ರೆಗ್ಯುಲೇಟರ್ ಮುಚ್ಚಿ, ರೋಗಿಯನ್ನು ಎಡ ಮಗ್ಗುಲಿಗೆ ತಲೆ ತಗ್ಗಿಸಿ ಮಲಗಿಸಿ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಾದರೆ ಇದರ ಜೊತೆಗೆ ಪೂರ್ಣ ಪ್ರಮಾಣದ ಆಮ್ಲಜನಕ ಕೊಟ್ಟು ವೈದ್ಯರನ್ನು ಕೂಗಿ ಕರೆಯಬೇಕು.